ಫೀ ಎಂಬ ಮಾತು ಮತ್ತು ನಮ್ಮ ಊಳಿಗಮಾನ್ಯ

ಬ್ರಿಟನ್ನಿನಲ್ಲಿ ಮನೆ ಕೊಳ್ಳಹೊರಟ ನಮ್ಮವರು ಮೊದಲು ಕೇಳುವ ಪ್ರಶ್ನೆ, ಇದು ಫ್ರೀಹೋಲ್ಡೋ ಲೀಸ್‌ಹೋಲ್ಡೋ ಎಂಬುದು. ಫ್ರೀಹೋಲ್ಡ್ ಎಂಬ ಉತ್ತರ ಬಂದರೆ ಸಮಾಧಾನ. ನೆಲವೂ ನಮ್ಮದು, ಮೇಲಿನ ಹಂಚೂ ನಮ್ಮದು, ಸಾಲ ತೀರಿದ ಮೇಲೆ ಯಾರ ಹಂಗೂ ಇಲ್ಲ ಎಂದುಕೊಳ್ಳುತ್ತೇವೆ. ಕಾನೂನು ಮಾತ್ರ ಅಷ್ಟು ದೂರ ಹೋಗುವುದಿಲ್ಲ. ಇಂಗ್ಲೆಂಡು ಮತ್ತು ವೇಲ್ಸಿಗೆ ಅನ್ವಯಿಸುವ 1925ರ ಆಸ್ತಿ ಕಾಯಿದೆಯ ಮೊದಲನೆಯ ಕಲಮಿನಲ್ಲೇ ಇದೆ: ನೆಲದ ಮೇಲೆ ಒಬ್ಬ ಪ್ರಜೆಗೆ ಇರಬಹುದಾದ ಅತಿ ದೊಡ್ಡ ಹಕ್ಕಿನ ಹೆಸರು 'ಫೀ ಸಿಂಪಲ್'. ತತ್ತ್ವಕ್ಕಾದರೂ ನೆಲವೆಲ್ಲ ಇಂದಿಗೂ ಸಿಂಹಾಸನದ್ದು; ನಾವು ಇಪ್ಪತ್ತೈದು ವರ್ಷದ ಸಾಲ ಮಾಡಿ ಕೊಳ್ಳುವುದು ಆ ನೆಲದಲ್ಲಿ ಒಂದು 'ಫೀ'. ಪತ್ರ ಮಾಡಿಸಿಕೊಟ್ಟ ಸಾಲಿಸಿಟರನು ಕೊನೆಗೆ ಕಳಿಸುವ ಬಿಲ್ಲಿನಲ್ಲಿಯೂ ಈ ಒಂದಕ್ಷರದ ಮಾತೇ ಇರುತ್ತದೆ.

ಈ ಎರಡು ಫೀಗಳೂ ಒಂದೇ ಮಾತು. ಫ್ಯೂಡಲ್ ಎಂಬ ಮಾತು ಹುಟ್ಟಿದ್ದೂ ಇದರಿಂದಲೇ. ಫ್ಯೂಡಲ್ ಪದ್ಧತಿಗೆ ಕನ್ನಡದಲ್ಲಿ ನಾವು 'ಊಳಿಗಮಾನ್ಯ' ಎನ್ನುತ್ತೇವೆ. ಪಠ್ಯಪುಸ್ತಕದಲ್ಲಿ ಓದಿ, ಭಾಷಣಗಳಲ್ಲಿ ಕೇಳಿ, ಬೈಗುಳದಂತೆ ಬಳಸಿ ಸವೆದುಹೋಗಿರುವ ಈ ಮಾತನ್ನು ಫೀ ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ನಾಡುಗಳ ನೆಲದ ಚರಿತ್ರೆಯಲ್ಲಿ ಎಲ್ಲಿ ಹೋಲಿಕೆ ಇದೆ, ಎಲ್ಲಿ ಹೋಲಿಕೆ ತಪ್ಪುತ್ತದೆ ಎಂಬುದು ತಿಳಿಯುತ್ತದೆ. ಅದಕ್ಕಾಗಿ ಈ ಲೇಖನ.

ಮೊದಲು ಫೀ. ಹಳೆಯ ಇಂಗ್ಲಿಷಿನಲ್ಲಿ 'ಫೆಓಹ್' ಎಂದರೆ ದನಕರು. ದನಕರುಗಳೇ ಆಸ್ತಿಯಾಗಿದ್ದ ಕಾಲವಾದ್ದರಿಂದ ಆಸ್ತಿ, ಹಣ ಎಂಬ ಅರ್ಥಗಳೂ ಅದಕ್ಕೆ ಕೂಡಿಕೊಂಡವು. ಜರ್ಮನ್ನರು ಇಂದಿಗೂ ದನಕ್ಕೆ 'ಫೀ' ಎಂದೇ ಹೇಳುತ್ತಾರೆ. ಕಾಗುಣಿತ ಬೇರೆ, ಉಚ್ಚಾರ ಅದೇ. ಲ್ಯಾಟಿನ್ನಿನಲ್ಲಿ ದನಕ್ಕೆ 'ಪೆಕು', ಹಣಕ್ಕೆ 'ಪೆಕೂನಿಯ'. ಸಂಸ್ಕೃತದಲ್ಲಿ 'ಪಶು'. ಸಂಸ್ಕೃತದ ಪಕಾರ ಜರ್ಮಾನಿಕ್ ನುಡಿಗಳಲ್ಲಿ ಫಕಾರವಾಗುವುದು ಪಾದ ಮತ್ತು ಫುಟ್, ಪಿತೃ ಮತ್ತು ಫಾದರ್ ಎಂಬ ಜೋಡಿಗಳಿಂದ ನಮಗೆ ಗೊತ್ತೇ ಇದೆ. ಆ ನಿಯಮದ ಪ್ರಕಾರ ಸಾಲಿಸಿಟರನ ಫೀ ನಮ್ಮ ಪಶುವಿನ ದೂರದ ದಾಯಾದಿ.

ಕನ್ನಡದಲ್ಲಿ ಇದೇ ನಂಟು ತಿರುಗುಮುರುಗಾಗಿ ಬಂದಿದೆ. ನಾವು 'ದನ' ಎನ್ನುವುದು ಸಂಸ್ಕೃತದ 'ಧನ'ದ ತದ್ಭವ. ಅವರಲ್ಲಿ ದನ ಹಣವಾಯಿತು, ನಮ್ಮಲ್ಲಿ ಧನ ದನವಾಯಿತು. ಇಂಗ್ಲಿಷಿನ 'ಕ್ಯಾಟಲ್' ಕೂಡ ನಮ್ಮ ದಾರಿಯಲ್ಲೇ ಬಂದದ್ದು, ಅದರ ಮೂಲ 'ಕ್ಯಾಪಿಟಲ್'. ಬಂಡವಾಳಶಾಹಿಯ ಬಂಡವಾಳವೂ ಕೊಟ್ಟಿಗೆಯ ದನವೂ ಒಂದೇ ಮಾತಿನ ಮಕ್ಕಳು ಎಂದರೆ ನಮ್ಮ ಎಡಪಂಥೀಯ ಮಿತ್ರರು ಏನೆನ್ನುವರೋ!

ದನದ ಮಾತು ನೆಲದ ಮೇಲೆ ಬಂದು ಕೂತದ್ದು ಹೇಗೆ? ಇಂದಿನ ಫ್ರಾನ್ಸು ಮತ್ತು ಪಶ್ಚಿಮ ಜರ್ಮನಿಯ ಪ್ರದೇಶವನ್ನು ಆಳುತ್ತಿದ್ದ ಫ್ರಾಂಕರ ನುಡಿಯಲ್ಲಿ ಈ ದನದ ಮಾತಿಗೆ ಸೊತ್ತು ಎಂಬರ್ಥದ ಇನ್ನೊಂದು ಮಾತು ಸೇರಿ, ಅದರಿಂದ ಲ್ಯಾಟಿನ್ ಪತ್ರಗಳಲ್ಲಿ ಕಾಣುವ 'ಫೆಓಡುಮ್' ಎಂಬ ರೂಪ ಹುಟ್ಟಿತು ಎಂಬುದು ಹೆಚ್ಚು ಮಂದಿ ಒಪ್ಪಿರುವ ವ್ಯುತ್ಪತ್ತಿ. ಅರಬ್ಬಿ ಮೂಲ ಹುಡುಕಿದವರೂ ಉಂಟು. ಫ್ರೆಂಚಿನಲ್ಲಿ ಅದು 'ಫೀಫ್' ಆಯಿತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದು ತಮ್ಮ ಫ್ರೆಂಚನ್ನು ಇಲ್ಲಿಗೆ ತಂದಾಗ, ಅವರ ಬಾಯಲ್ಲಿ 'ಫೀ' ಆಗಿ, ಇಲ್ಲಿ ಮೊದಲೇ ಇದ್ದ ದಾಯಾದಿ ಮಾತಾದ ಫೆಓಹ್‌ನ ಜಾಗದಲ್ಲಿ ನೆಲೆಯೂರಿತು.

ಅರ್ಥ ಬದಲಾದದ್ದನ್ನು ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ಚೆನ್ನಾಗಿ ವಿವರಿಸಿದ್ದಾನೆ. ಹಣದ ಚಲಾವಣೆ ಕಡಮೆಯಾಗಿದ್ದ ಆ ಕಾಲದಲ್ಲಿ ಒಡೆಯನು ತನ್ನ ಕಡೆಯ ಯೋಧನಿಗೆ ಕುದುರೆ, ಆಯುಧ, ಬಟ್ಟೆ, ದನಕರು ಹೀಗೆ ಕೈಯಿಂದ ಕೈಗೆ ದಾಟಿಸಬಹುದಾದ ಸೊತ್ತನ್ನೇ ಪ್ರತಿಫಲವಾಗಿ ಕೊಡುತ್ತಿದ್ದ. ಅದರ ಹೆಸರು ಫೀಫ್. ಮುಂದೆ ಅದೇ ಪ್ರತಿಫಲವನ್ನು ನೆಲದ ರೂಪದಲ್ಲಿ ಕೊಡತೊಡಗಿದಾಗ ಹೆಸರು ಹಾಗೆಯೇ ಉಳಿಯಿತು, ವಸ್ತು ಬದಲಾಯಿತು. ಕನ್ನಡದ 'ಸಂಬಳ'ವೂ ಹೀಗೆಯೇ. ಅದು ಮೂಲದಲ್ಲಿ ದಾರಿಬುತ್ತಿ. ಈಗ ತಿಂಗಳ ಕೊನೆಗೆ ಬ್ಯಾಂಕಿನ ಖಾತೆಗೆ ಬರುವ ಬುತ್ತಿ.

ಅಂದಮೇಲೆ ಫೀ ಎಂಬುದರ ಮೊದಲ ತಿರುಳು ನೆಲವಲ್ಲ, ಸೇವೆಗೆ ಕೊಡುವ ಪ್ರತಿಫಲ. ಡಾಕ್ಟರ ಫೀ, ವಕೀಲರ ಫೀ ಎನ್ನುವಾಗ ಆ ಹಳೆಯ ತಿರುಳೇ ತಿರುಗಿ ಮೇಲಕ್ಕೆ ಬಂದಿದೆ ಎನ್ನಬಹುದು.

ಸೇವೆಗೆ ಸೇರುವ ಕ್ರಮವೂ ಸ್ವಾರಸ್ಯವಾದದ್ದು. ಸೇರುವವನು ಬರಿದಲೆಯಲ್ಲಿ ಮಂಡಿಯೂರಿ ತನ್ನ ಜೋಡಿಸಿದ ಕೈಗಳನ್ನು ಒಡೆಯನ ಎರಡು ಕೈಗಳ ನಡುವೆ ಇಟ್ಟು, 'ನಾನು ನಿಮ್ಮ ಆಳು' ಎಂದು ಹೇಳಬೇಕು. ಫ್ರೆಂಚಿನಲ್ಲಿ ಆಳಿಗೆ 'ಒಮ್', ಅದರಿಂದ 'ಹೋಮೇಜ್'. ಕನ್ನಡದ ಆಳ್ ಎಂಬ ಮಾತಾದರೂ ಎಂಥದು! ಹೆಸರಾಗಿ ನಿಂತರೆ ಸೇವಕ, ಕ್ರಿಯೆಯಾದರೆ ಅರಸುತನ. ಆಳಾದವನು ಬಲ್ಲ, ಆಳುವವನೂ ಬಲ್ಲ. ಅನ್ನದ ಋಣದ ಮಾತು ಎರಡು ಕಡೆಯೂ ಒಂದೇ. ಇಂಗ್ಲಿಷಿನ 'ಲಾರ್ಡ್' ಎಂಬುದು 'ಹ್ಲಾಫ್‌ವೇರ್ಡ್' ಎಂಬುದರ ಸವಕಲು ರೂಪ, ಅರ್ಥ ರೊಟ್ಟಿಯ ಕಾವಲುಗಾರ. 'ಲೇಡಿ' ಎಂದರೆ ರೊಟ್ಟಿಯ ಹಿಟ್ಟು ನಾದುವವಳು. ಅವರ ಆಶ್ರಿತನಿಗೆ ಹಳೆಯ ಕೆಂಟ್ ಪ್ರಾಂತದ ಕಾನೂನಿನಲ್ಲಿ ಇದ್ದ ಹೆಸರು 'ರೊಟ್ಟಿ ತಿನ್ನುವವನು'. ನಮ್ಮ ಹಳಗನ್ನಡದ ವೀರರು ಉಂಡ ಜೋಳಕ್ಕೆ ತಲೆ ಕೊಡುವುದನ್ನು 'ಜೋಳವಾಳಿ' ಎನ್ನುತ್ತಿದ್ದರು. ಸೇವೆಗಾಗಿ ಬಿಟ್ಟುಕೊಟ್ಟ ನೆಲಕ್ಕೆ 'ಉಂಬಳಿ' ಎನ್ನುವಾಗಲೂ ಅದರಲ್ಲಿರುವುದು ಉಣ್ಣುವ ಕ್ರಿಯೆಯೇ. ಗೋದಿಯ ನಾಡಿನಲ್ಲಿ ರೊಟ್ಟಿ, ಜೋಳದ ನಾಡಿನಲ್ಲಿ ಜೋಳ. ಆಡಂಬರದ ಬಿರುದುಗಳನ್ನೆಲ್ಲ ಕೆರೆದು ನೋಡಿದರೆ ಕೆಳಗೆ ಉಳಿಯುವುದು ಒಂದು ತುತ್ತು.

ಇಂಗ್ಲೆಂಡಿನಲ್ಲಿ ನಾರ್ಮನ್ ವಿಲಿಯಂ ಈ ಪದ್ಧತಿಯನ್ನು ಬೇರೆಲ್ಲಿಯೂ ಇಲ್ಲದಷ್ಟು ಬಿಗಿಯಾಗಿ ಕೂರಿಸಿದ. ಗೆದ್ದ ನೆಲವೆಲ್ಲ ದೊರೆಯದು; ದೊರೆಯಿಂದ ದೊಡ್ಡ ಒಡೆಯರು ಫೀ ಪಡೆದರು, ಅವರಿಂದ ಚಿಕ್ಕವರು, ಅವರಿಂದ ಇನ್ನೂ ಚಿಕ್ಕವರು. 1086ರಲ್ಲಿ ಬರೆಸಿದ ಡೂಮ್ಸ್‌ಡೇ ದಾಖಲೆಯಲ್ಲಿ ಯಾವ ಊರು ಯಾರಿಂದ ಯಾರಿಗೆ ಎಂಬುದು ಹಂದಿಗಳ ಲೆಕ್ಕದ ಸಮೇತ ಇದೆ. ಒಬ್ಬ ಕುದುರೆ ಸವಾರ ಯೋಧನನ್ನು ಒದಗಿಸಬೇಕಾದಷ್ಟು ನೆಲಕ್ಕೆ 'ನೈಟ್ಸ್ ಫೀ' ಎಂಬ ಹೆಸರು ಬಂತು. ವರ್ಷಕ್ಕೆ 40 ದಿನದ ಸೇವೆ ಎಂಬುದು ವಾಡಿಕೆ.

ಎಲ್ಲರ ಸೇವೆಯೂ ಯುದ್ಧದ್ದೇ ಆಗಿರಲಿಲ್ಲ. ಇಂಥ ಹಿಡುವಳಿಗಳ ವಿವರಗಳನ್ನು ಸೇರಿಸಿ 1302ರಲ್ಲಿ ಬರೆಸಿದ ಕಡತಕ್ಕೆ 'ಫೀಗಳ ಪುಸ್ತಕ' ಎಂದೇ ಹೆಸರು. ಅದರಲ್ಲಿ ಸಫೋಕ್ ಪ್ರಾಂತದ ಹೆಮಿಂಗ್‌ಸ್ಟನ್ ಎಂಬ ಊರಿನ ರೋಲಂಡ್ ಎಂಬವನ ಹಿಡುವಳಿ ನಮೂದಾಗಿದೆ. ಅವನು ಎರಡನೆಯ ಹೆನ್ರಿ ದೊರೆಯ ವಿದೂಷಕ. ಅವನ ಊಳಿಗ ಏನೆಂದರೆ, ಪ್ರತಿ ಕ್ರಿಸ್ಮಸ್ಸಿನ ದಿನ ದೊರೆಯ ಸನ್ನಿಧಿಯಲ್ಲಿ ಒಂದು ನೆಗೆತ, ಒಂದು ಸಿಳ್ಳೆ ಮತ್ತು ಒಂದು ಹೂಸು. ಸಭ್ಯ ಓದುಗರು ಕ್ಷಮಿಸಬೇಕು. ಲ್ಯಾಟಿನ್ ಕಡತದಲ್ಲಿ ಇರುವುದೇ ಹಾಗೆ. ನಮ್ಮ ದೇವಸ್ಥಾನಗಳಲ್ಲಿ ಓಲಗದವನಿಗೆ, ದೀವಟಿಗೆಯವನಿಗೆ, ಹೂ ಕಟ್ಟುವವನಿಗೆ ಬಿಟ್ಟುಕೊಟ್ಟ ನೆಲಗಳ ನೆನಪಾದರೆ ರೋಲಂಡನ ಹಿಡುವಳಿ ಅಷ್ಟೇನೂ ವಿಚಿತ್ರವೆನಿಸುವುದಿಲ್ಲ. ಸೇವೆ ಯಾವುದಾದರೇನು, ಅದಕ್ಕೆ ನೆಲ ಗಂಟು ಬಿದ್ದಿರಬೇಕು.

ಗಂಟು ಸಡಿಲವಾದದ್ದು ಹಣದಿಂದ. ತಾನೇ ಯುದ್ಧಕ್ಕೆ ಹೋಗುವ ಬದಲು 'ಗುರಾಣಿ ಹಣ' ಕಟ್ಟುವ ಕ್ರಮ 12ನೆಯ ಶತಮಾನದಲ್ಲೇ ಬೇರೂರಿತು. ದೊರೆಗೂ ಅದೇ ಬೇಕಾಗಿತ್ತು. 40 ದಿನಕ್ಕೆ ಮನೆಗೆ ಓಡುವ ಸವಾರನಿಗಿಂತ ಕೂಲಿ ಸೈನಿಕ ವಾಸಿ. ಆದರೆ ಫೀಗೆ ಅಂಟಿಕೊಂಡಿದ್ದ ಬೇರೆ ಹೊರೆಗಳು ಹೋಗಲಿಲ್ಲ. ತಂದೆ ಸತ್ತರೆ ಮಗ ನೆಲಕ್ಕೆ ಬರಬೇಕಾದರೆ ಕಾಣಿಕೆ ಕೊಡಬೇಕು. 1215ರ ಮ್ಯಾಗ್ನ ಕಾರ್ಟದ ಎರಡನೆಯ ಕಲಮು ಈ ಕಾಣಿಕೆ ಒಂದು ನೈಟ್ಸ್ ಫೀಗೆ 100 ಷಿಲಿಂಗನ್ನು ಮೀರಕೂಡದು ಎಂದು ಕಟ್ಟು ಹಾಕಿತು. ನಾವು ಶಾಲೆಯಲ್ಲಿ ಸ್ವಾತಂತ್ರ್ಯದ ಶಾಸನವೆಂದು ಓದಿದ ಪತ್ರದಲ್ಲಿ ಹೆಚ್ಚಿನ ಭಾಗ ಇಂಥ ಫೀಗಳ ಜಗಳವೇ. ಮಗ ಅಪ್ರಾಪ್ತನಾಗಿದ್ದರೆ ನೆಲವೂ ಹುಡುಗನೂ ಒಡೆಯನ ವಶ. ಹುಡುಗನ ಮದುವೆ ಮಾಡಿಸುವ ಹಕ್ಕನ್ನು ಒಡೆಯನು ಬೇರೆಯವರಿಗೆ ಮಾರಿಕೊಳ್ಳಬಹುದಾಗಿತ್ತು. ಇದರ ವಸೂಲಿಗೆಂದೇ ಎಂಟನೆಯ ಹೆನ್ರಿ 1540ರಲ್ಲಿ 'ಕೋರ್ಟ್ ಆಫ್ ವಾರ್ಡ್ಸ್' ಸ್ಥಾಪಿಸಿದ. ಹೆಸರನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೆ? ಇಂಗ್ಲೆಂಡಿನವರು ತಮ್ಮಲ್ಲಿ ಇದನ್ನು ಕಿತ್ತೊಗೆದು ಒಂದೂವರೆ ಶತಮಾನದ ಮೇಲೆ, ಅದೇ ಹೆಸರನ್ನು ಭಾರತಕ್ಕೆ ಹೊತ್ತು ತಂದು ಅಪ್ರಾಪ್ತ ಜಮೀನ್ದಾರರ ಆಸ್ತಿ ನೋಡಿಕೊಳ್ಳಲು ನಿಲ್ಲಿಸಿದರು. ಮದರಾಸು ಪ್ರಾಂತದ ಕೋರ್ಟ್ ಆಫ್ ವಾರ್ಡ್ಸ್ ನಿಬಂಧನೆ 1804ರದು.

ಇಂಗ್ಲೆಂಡಿನ ಫೀ ತನ್ನ ಹೊರೆಗಳಿಂದ ಬಿಡುಗಡೆಯಾದದ್ದು 1660ರಲ್ಲಿ. ಅದಕ್ಕೂ ಮೊದಲೇ, 1290ರಲ್ಲಿ, ಒಂದನೆಯ ಎಡ್ವರ್ಡನ ಕಾಯಿದೆಯೊಂದು ಫೀಯ ಕೆಳಗೆ ಹೊಸ ಫೀ ಹುಟ್ಟಿಸುವುದನ್ನು ನಿಲ್ಲಿಸಿತ್ತು. ಮಾರಿದವನು ಪೂರ್ತಿ ಹೊರಗೆ ಹೋಗಬೇಕು, ಕೊಂಡವನು ಅವನ ಜಾಗದಲ್ಲಿ ನಿಲ್ಲಬೇಕು. ಅಲ್ಲಿಂದ ಸರಪಣಿಯ ಕೊಂಡಿಗಳು ಒಂದೊಂದಾಗಿ ಕಳಚಿ, ಇಂದಿನ ಫ್ರೀಹೋಲ್ಡಿನವನಿಗೂ ದೊರೆಗೂ ನಡುವೆ ಸಾಮಾನ್ಯವಾಗಿ ಯಾರೂ ಉಳಿಯಲಿಲ್ಲ. 1660ರಲ್ಲಿ, ಎರಡನೆಯ ಚಾರ್ಲ್ಸ್ ದೇಶಭ್ರಷ್ಟತೆಯಿಂದ ಹಿಂತಿರುಗಿದ ವರ್ಷ, ಪಾರ್ಲಿಮೆಂಟು ಯುದ್ಧಸೇವೆಯ ಹಿಡುವಳಿಯನ್ನೂ ಅಪ್ರಾಪ್ತರ ಮೇಲಿನ ಹಕ್ಕನ್ನೂ ಪೂರ್ತಿ ರದ್ದು ಮಾಡಿತು. ದೊರೆಗಾದ ನಷ್ಟಕ್ಕೆ ಏನು ಪರಿಹಾರ? ಬಿಯರು, ಸೈಡರು, ಕಾಫಿ, ಟೀ ಇವುಗಳ ಮೇಲೆ ಸುಂಕ. ಇದನ್ನು ಸ್ವಲ್ಪ ನಿಂತು ನೋಡಬೇಕು. ನೆಲ ಹಿಡಿದಿದ್ದ ದೊಡ್ಡವರು ಆ ನೆಲಕ್ಕಾಗಿ ಮಾಡಬೇಕಾಗಿದ್ದ ಊಳಿಗದಿಂದ ಬಿಡುಗಡೆ ಪಡೆದರು, ನೆಲವನ್ನು ಇಟ್ಟುಕೊಂಡರು, ಬೆಲೆಯನ್ನು ಮಾತ್ರ ಊರಿನ ಬಿಯರು ಕುಡಿಯುವವರೆಲ್ಲ ತೆತ್ತರು. ಅವರ ಕೆಳಗೆ ಊರ ಕೋರ್ಟಿನ ದಾಖಲೆಯ ನಕಲನ್ನೇ ಹಕ್ಕುಪತ್ರವಾಗಿ ಹಿಡಿದು ಉಳುತ್ತಿದ್ದ 'ಕಾಪಿಹೋಲ್ಡ್' ರೈತರಿಗೆ ಆ ಕಾಯಿದೆಯಿಂದ ಏನೂ ದಕ್ಕಲಿಲ್ಲ. ಕಾಪಿಹೋಲ್ಡ್ ಕೊನೆಗೊಂಡದ್ದು 1926ರ ಜನವರಿ 1ರಂದು. ಇಂಗ್ಲೆಂಡಿನಲ್ಲಿ ಫ್ಯೂಡಲ್ ಪದ್ಧತಿ ಮೇಲಿನಿಂದ ಬಿಚ್ಚಿತು, ಮೇಲಿನವರ ಅನುಕೂಲಕ್ಕೆ ಬಿಚ್ಚಿತು ಎಂಬುದು ನನ್ನ ಅಭಿಪ್ರಾಯ.

ಬಿಚ್ಚಿದ ಗಂಟಿನ ಎಳೆಗಳು ಇಲ್ಲಿ ಇನ್ನೂ ಅಲ್ಲಲ್ಲಿ ತೂಗುತ್ತಿವೆ. ಲಂಡನ್ನಿನ ನಗರಾಡಳಿತವು ಷ್ರಾಪ್‌ಷೈರಿನ ಒಂದು ತುಂಡು ನೆಲಕ್ಕಾಗಿ ಒಂದು ಮೊಂಡು ಮತ್ತು ಒಂದು ಹರಿತವಾದ ಕತ್ತಿಯನ್ನೂ, ಸ್ಟ್ರಾಂಡಿನ ಬಳಿ ಇದ್ದ ಒಂದು ಕಮ್ಮಾರಸಾಲೆಗಾಗಿ 6 ಕುದುರೆ ಲಾಳ ಮತ್ತು 61 ಮೊಳೆಗಳನ್ನೂ ಪ್ರತಿವರ್ಷ ದೊರೆಯ ಅಧಿಕಾರಿಗೆ ಎಣಿಸಿ ಒಪ್ಪಿಸುತ್ತದೆ. ಮೊದಲನೆಯದು 1211ರಿಂದ, ಎರಡನೆಯದು 1235ರಿಂದ ನಡೆದುಬಂದಿದೆ. ಕಮ್ಮಾರಸಾಲೆ ಇಲ್ಲ, ಲಾಳ ಮಾತ್ರ ಇದೆ. ಶ್ರೀರಂಗಪಟ್ಟಣದ ಮೂಲಕ ನಮಗೆ ಪರಿಚಿತನಾದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಡ್ಯೂಕನಾಗಿ ವಾಟರ್ಲೂ ಗೆದ್ದನಷ್ಟೆ. ಅವನಿಗೆ ದೇಶ ಕೊಟ್ಟ ಎಸ್ಟೇಟಿಗಾಗಿ ಅವನ ವಂಶದವರು ಪ್ರತಿ ಜೂನ್ 18ರಂದು ಒಂದು ಚಿಕ್ಕ ಫ್ರೆಂಚ್ ಬಾವುಟವನ್ನು ದೊರೆಗೆ ಸಲ್ಲಿಸುತ್ತಾರೆ. ಇಂಗ್ಲಿಷ್ ಕಾಲುವೆಯಲ್ಲಿರುವ ಸಾರ್ಕ್ ಎಂಬ ಪುಟ್ಟ ದ್ವೀಪವನ್ನು ಒಂದನೆಯ ಎಲಿಜಬೆತ್ ರಾಣಿ 1565ರಲ್ಲಿ ಹೆಲಿಯರ್ ದ ಕಾರ್ಟ್ರೆ ಎಂಬವನಿಗೆ ಒಂದು ನೈಟ್ಸ್ ಫೀಯ ಇಪ್ಪತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಕೊಟ್ಟಳು. 40 ಮಂದಿ ಆಯುಧಪಾಣಿಗಳನ್ನು ಅಲ್ಲಿ ನೆಲೆಗೊಳಿಸಬೇಕು ಎಂಬುದು ಷರತ್ತು. ಅದರ ವಾರ್ಷಿಕ ಕಾಣಿಕೆ ಇಂದಿನ ಲೆಕ್ಕದಲ್ಲಿ 1 ಪೌಂಡು 79 ಪೆನ್ಸು. ಅಲ್ಲಿನ ಸಭೆಗೆ ಪೂರ್ಣ ಚುನಾವಣೆ ಮೊದಲ ಬಾರಿ ನಡೆದದ್ದು 2008ರ ಡಿಸೆಂಬರಿನಲ್ಲಿ.

ಸ್ಕಾಟ್ಲೆಂಡಿನ ಕಥೆ ಬರಿಯ ಆಚರಣೆಯದಲ್ಲ. 1290ರ ಕಾಯಿದೆ ಅಲ್ಲಿಗೆ ಅನ್ವಯಿಸಲಿಲ್ಲವಾದ್ದರಿಂದ ಫೀಯ ಕೆಳಗೆ ಫೀ ಹುಟ್ಟುತ್ತಲೇ ಹೋಯಿತು. ಅಲ್ಲಿ ಅದರ ಹೆಸರು 'ಫ್ಯೂ'. ಎಡಿನ್‌ಬರೋ ಗ್ಲಾಸ್ಗೋಗಳಲ್ಲಿ ಮನೆ ಕೊಂಡವರು ಮೇಲಿನ ಒಡೆಯನಿಗೆ ವರ್ಷವರ್ಷ 'ಫ್ಯೂ ಡ್ಯೂಟಿ' ಕಟ್ಟಬೇಕಾಗಿತ್ತು. 1974ರಲ್ಲಿ ಹೊಸದಾಗಿ ಅದನ್ನು ವಿಧಿಸುವುದು ನಿಂತಿತು. ಮರುಹುಟ್ಟು ಪಡೆದ ಸ್ಕಾಟಿಷ್ ಪಾರ್ಲಿಮೆಂಟು 2000ದಲ್ಲಿ ಮಾಡಿದ ಕಾಯಿದೆಯಿಂದ 2004ರ ನವೆಂಬರ್ 28ರಂದು ಪದ್ಧತಿಯೇ ಮುಗಿಯಿತು. ಅಲ್ಲಿರುವ ನಮ್ಮ ಹಿರಿಯ ಕನ್ನಡಿಗರಲ್ಲಿ ಕೆಲವರಾದರೂ ಫ್ಯೂ ಡ್ಯೂಟಿ ಕಟ್ಟಿದವರಿರಬೇಕು.

ಇದನ್ನು ಓದುವ ದಕ್ಷಿಣ ಕನ್ನಡದವರಿಗೆ ತಮ್ಮ 'ಮೂಲಗೇಣಿ' ನೆನಪಾಗದೆ ಇರದು. ಶಾಶ್ವತವಾಗಿ, ವಂಶಪಾರಂಪರ್ಯವಾಗಿ, ಏರದ ಇಳಿಯದ ಗೇಣಿಗೆ ಹಿಡಿದ ನೆಲ ಅದು. ಒಡೆಯನು ಮನಸ್ಸು ಬಂದಾಗ ಬಿಡಿಸಬಹುದಾದದ್ದು 'ಚಾಲಗೇಣಿ'. ಸ್ಕಾಟ್ಲೆಂಡಿನವನೇ ಆದ ಥಾಮಸ್ ಮನ್ರೋ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದವನು, ಇಲ್ಲಿ ನೆಲ ಸರ್ಕಾರದ್ದಲ್ಲ, ಬಹುಕಾಲದಿಂದ ಜನರ ಖಾಸಗಿ ಸೊತ್ತು ಎಂದು 1800ರಲ್ಲಿ ಮೇಲಿನವರಿಗೆ ಬರೆದ. ವ್ಯವಸಾಯದ ಗೇಣಿಯೆಲ್ಲ ಮುಂದೆ ಹೋದರೂ, ಮಂಗಳೂರು ಉಡುಪಿಗಳ ಪೇಟೆಯ ನಿವೇಶನಗಳ ಮೇಲೆ ಮೂಲಗೇಣಿ ಉಳಿದುಕೊಂಡಿತ್ತು. ಅಂಥವರಿಗೆ ಒಡೆತನ ಕೊಡಿಸಲು ಕರ್ನಾಟಕದಲ್ಲಿ 2011ರ ಒಂದು ಕಾಯಿದೆಯೇ ಬೇಕಾಯಿತು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲ್ಯಾಟುಗಳ ನೆಲಬಾಡಿಗೆ ಇದಕ್ಕೆ ಹತ್ತಿರದ್ದು. 2022ರ ಕಾಯಿದೆ, ಆ ವರ್ಷದ ಜೂನ್ 30ರಿಂದ ಈಚೆಗಿನ ಹೊಸ ದೀರ್ಘ ಲೀಸುಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದು ಕಾಳುಮೆಣಸಿಗಿಂತ ಹೆಚ್ಚು ಕೇಳಕೂಡದು ಎನ್ನುತ್ತದೆ. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮೆಣಸಿಗಾಗಿ ಹಡಗು ಕಟ್ಟಿಕೊಂಡು ಬಂದ ಯುರೋಪಿನಲ್ಲಿ, ಬೆಲೆಯೇ ಇಲ್ಲದ್ದಕ್ಕೆ ಮೆಣಸಿನ ಕಾಳು ಉಪಮಾನವಾಗಿದೆ!

ಇನ್ನು ನಮ್ಮ ಮಾತಿಗೆ ಬರೋಣ. ಫ್ಯೂಡಲ್ ಎಂಬುದಕ್ಕೆ ಕನ್ನಡದಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ. 'ಪಾಳೆಯಗಾರಿ' ಎಂಬುದು ಪಾಳೆಯದಿಂದ, ಅಂದರೆ ದಂಡಿನ ಬೀಡಿನಿಂದ ಬಂದದ್ದು. 'ಸಾಮಂತ' ಎಂದರೆ ಹಿಂದೆ ನೆರೆಯ ರಾಜ ಎಂದಷ್ಟೇ ಅರ್ಥ. ಅರ್ಥಶಾಸ್ತ್ರದಲ್ಲಿ ಹಾಗೆಯೇ ಇದೆ. ನೆರೆಯವನನ್ನು ಸೋಲಿಸಿ ಕಪ್ಪ ಕೊಡುವವನನ್ನಾಗಿ ಮಾಡಿಕೊಂಡ ಮೇಲೆ ಮಾತೂ ಅವನೊಂದಿಗೆ ಕೆಳಕ್ಕೆ ಇಳಿಯಿತು. ಮೂರನೆಯದು ಊಳಿಗಮಾನ್ಯ. ಊಳಿಗವೆಂದರೆ ಸೇವೆ, ತಮಿಳಿನ 'ಊಳಿಯಂ' ಇದರ ಒಡಹುಟ್ಟು. ಮಾನ್ಯವೆಂದರೆ ಗೌರವಕ್ಕೆ ತಕ್ಕದ್ದು, ಅದರಿಂದ ಕಂದಾಯವಿಲ್ಲದೆ ಬಿಟ್ಟ ನೆಲ. ಪೂರ್ತಿ ಬಿಟ್ಟರೆ ಸರ್ವಮಾನ್ಯ, ಅರ್ಧ ಬಿಟ್ಟರೆ ಅರ್ಧಮಾನ್ಯ. ಸಾಮಂತ ಎಂಬುದು ವ್ಯಕ್ತಿಯನ್ನು ಹೇಳುತ್ತದೆ, ಪಾಳೆಯಗಾರ ಎಂಬುದು ಅವನ ದಂಡನ್ನು ಹೇಳುತ್ತದೆ. ಊಳಿಗಮಾನ್ಯ ಮಾತ್ರ ಸೇವೆ ಮತ್ತು ನೆಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಯುರೋಪಿನ ಪಂಡಿತರು ಪುಟಗಟ್ಟಲೆ ಬರೆದು ವಿವರಿಸುವ ಗಂಟನ್ನು ಒಂದು ಸಮಾಸದಲ್ಲಿ ಕಟ್ಟಿದ ಈ ಮಾತನ್ನು ನಾನಂತೂ ಮೆಚ್ಚುತ್ತೇನೆ.

ಇಂಥ ಗಂಟು ನಮ್ಮಲ್ಲಿ ಇತ್ತೆಂಬುದಕ್ಕೆ ಶಾಸನಗಳು ಬೇಕಾದಷ್ಟಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಸುಮಾರು 949-50ರ ಕಲ್ಲನ್ನೇ ತೆಗೆದುಕೊಳ್ಳಿ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದ. ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನ ಆಳು ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ನೆಲವನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಒಂದು ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದರಿಂದ ಅದಕ್ಕೂ ಒಂದು ಕಲ್ಲು ನಿಂತಿತು, ಪೂಜೆಗೆ ನೆಲ ಬಿಟ್ಟದ್ದೂ ಆಯಿತು. ಮಣಲೆರನಿಗೆ ಬೂತುಗ ಆತಕೂರು ಹನ್ನೆರಡನ್ನು 'ಬಾಳ್ಗಳ್ಚು' ಆಗಿ ಕೊಟ್ಟ. ಬಾಳ್ ಎಂದರೆ ಕತ್ತಿ. ಬಾಳ್ಗಳ್ಚು ಎಂದರೆ ಕತ್ತಿ ತೊಳೆದ ಕೊಡುಗೆ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟದ್ದು 'ನೆತ್ತರುಗೊಡಗೆ'. ಚಕ್ರವರ್ತಿಯಿಂದ ಬೂತುಗನಿಗೆ, ಬೂತುಗನಿಂದ ಮಣಲೆರನಿಗೆ ಇಳಿದ ಈ ಮೆಟ್ಟಿಲುಗಳನ್ನು ನಾರ್ಮನ್ ವಿಲಿಯಂ ನೋಡಿದ್ದರೆ ಇದು ನಮ್ಮ ಊರಿನದೇ ಎನ್ನುತ್ತಿದ್ದ.

ಹೋಲಿಕೆ ತಪ್ಪುವುದು ಮಾನ್ಯ ಎಂಬಲ್ಲಿ. ಮಾನ್ಯದಲ್ಲಿ ಕೊಡುವವನು ಬಿಟ್ಟುಕೊಡುವುದು ಮುಖ್ಯವಾಗಿ ಕಂದಾಯವನ್ನು, ಅಂದರೆ ಆ ನೆಲದಿಂದ ತನಗೆ ಬರಬೇಕಾದ ಪಾಲನ್ನು. ಆ ನೆಲವನ್ನು ಮೊದಲಿನಿಂದ ಉಳುತ್ತಿದ್ದ ಒಕ್ಕಲು ಎಷ್ಟೋ ಕಡೆ ಅಲ್ಲಿಯೇ ಇರುತ್ತಿದ್ದ. ನಿನ್ನೆಯವರೆಗೆ ಅರಮನೆಗೆ ಅಳೆದ ಭತ್ತವನ್ನು ಇಂದಿನಿಂದ ಮಾನ್ಯದಾರನಿಗೆ ಅಳೆಯುತ್ತಿದ್ದ ಅಷ್ಟೆ. ಇಂಗ್ಲೆಂಡಿನ ಫೀಯಲ್ಲಿ ನೆಲದ ಮೇಲಿನ ಹಕ್ಕೇ ದೊರೆಯಿಂದ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಮಾನ್ಯ ಮೇಲಿನಿಂದ ಇಳಿದರೂ, ಕೆಳಗಿನಿಂದ ಬೇರೊಂದು ಹಕ್ಕು, ಉಳುಮೆಯ ಹಕ್ಕು, ಅದನ್ನು ಎದುರುಗೊಳ್ಳುತ್ತಿತ್ತು. ಕೊಸಾಂಬಿ 1956ರಲ್ಲಿ, ಆರ್. ಎಸ್. ಶರ್ಮ 1965ರಲ್ಲಿ ಭಾರತದಲ್ಲೂ ಫ್ಯೂಡಲ್ ಪದ್ಧತಿ ಇತ್ತೆಂದು ಬರೆದಾಗ, ಹರ್ಬನ್ಸ್ ಮುಖಿಯಾ 1979ರಲ್ಲಿ ಅದು ನಿಜವೇ ಎಂದು ಪ್ರಶ್ನಿಸಿದ್ದು ರೈತನ ಈ ಸ್ವತಂತ್ರ ಸ್ಥಾನವನ್ನು ಹಿಡಿದುಕೊಂಡೇ. ಬ್ರಿಟಿಷ್ ಅಧಿಕಾರಿಗಳು ಮಾನ್ಯದ ನೆಲಗಳಿಂದ ಬರುತ್ತಿದ್ದ ಅಲ್ಪ ಕಂದಾಯವಾದ 'ಜೋಡಿ'ಯನ್ನು ತಮ್ಮ 'ಕ್ವಿಟ್ ರೆಂಟ್' ಎಂದು ಭಾಷಾಂತರಿಸಿದರು. ಲಾಳ ಮತ್ತು ಮೊಳೆ ಎಣಿಸುತ್ತಾರೆಂದೆನಲ್ಲ, ಆ ಕಾಣಿಕೆಯ ಹೆಸರೇ ಕ್ವಿಟ್ ರೆಂಟ್. ಭಾಷಾಂತರ ಅನುಕೂಲವಾಯಿತು, ಆದರೆ ಜೋಡಿದಾರನು ಇಂಗ್ಲಿಷ್ ಲಾರ್ಡಿನಂತೆ ಕಾಣತೊಡಗಿ ಅವನ ಕೆಳಗಿನ ಒಕ್ಕಲು ಕಣ್ಣಿಗೆ ಬೀಳದಂತಾದ.

ಹಾಗೆ ಕಾಣದಾದವನ ಹಕ್ಕನ್ನು ಮತ್ತೆ ಗುರುತಿಸಲು ಸ್ವಾತಂತ್ರ್ಯ ಬಂದ ಮೇಲೂ ಬಹಳ ದಿನ ಹಿಡಿಯಿತು. ಮೈಸೂರು ಸರ್ಕಾರದ 1954ರ ಕಾಯಿದೆ ವೈಯಕ್ತಿಕ ಇನಾಮುಗಳನ್ನೂ, 1955ರದು ಧಾರ್ಮಿಕ ಇನಾಮುಗಳನ್ನೂ ರದ್ದು ಮಾಡಿದವು. ಆಗ ಒಕ್ಕಲುಗಳನ್ನು ಕದೀಂ, ಶಾಶ್ವತ, ಅರೆಶಾಶ್ವತ ಎಂದು ವಿಂಗಡಿಸಿ ನೋಂದಾಯಿಸಿಕೊಳ್ಳಬೇಕಾಯಿತು. ನಮ್ಮ ಹಳ್ಳಿಗಳ ನಿಜವಾದ ಊಳಿಗಮಾನ್ಯ, ಅಂದರೆ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವರ ಹುದ್ದೆಗೆ ಅಂಟಿದ್ದ ನೆಲ, ಹೋದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಸಾಲುಸಾಲು ತಲೆಮಾರು ಖಾತೆ ಬರೆದ ಶಾನುಭೋಗನೂ, ರಾತ್ರಿ ಊರು ಕಾಯ್ದ ತಳವಾರನೂ ಒಂದೇ ದಿನ ಊಳಿಗದಿಂದ ಕಳಚಿಕೊಂಡರು. ನೆಲ ಮೊದಲು ಸರ್ಕಾರಕ್ಕೆ ಸೇರಿ, ಕಂದಾಯದ ಇಂತಿಷ್ಟು ಪಟ್ಟು ಹಣ ಕಟ್ಟಿದರೆ ಹುದ್ದೆ ಹಿಡಿದಿದ್ದವನಿಗೇ ಮರುಮಂಜೂರಾಗಬಹುದಾಗಿತ್ತು. ಇದು 1660ರ ಇಂಗ್ಲೆಂಡಿಗೆ ಹತ್ತಿರ: ಊಳಿಗ ಹೋಯಿತು, ಮಾನ್ಯ ಹೋಯಿತು, ನೆಲ ಊಳಿಗದವನಿಗೇ ಉಳಿಯಿತು. ಬಿಯರಿನ ಸುಂಕ ಇರಲಿಲ್ಲ ಎಂಬುದೊಂದು ವ್ಯತ್ಯಾಸ.

ದೊಡ್ಡ ವ್ಯತ್ಯಾಸ ಬಂದದ್ದು ಆಮೇಲೆ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಆ ದಿನ ಗೇಣಿದಾರನ ಉಳುಮೆಯಲ್ಲಿದ್ದ ನೆಲವೆಲ್ಲ ಸರ್ಕಾರದ್ದೆಂದೂ, 7ನೆಯ ನಂಬರಿನ ಅರ್ಜಿ ಹಾಕಿದರೆ ಅದರ ಹಕ್ಕು ಉಳುವವನಿಗೆಂದೂ ಹೇಳಿತು. ಅರ್ಜಿಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಬಂತು. ಇಂಗ್ಲೆಂಡಿನ ಚರಿತ್ರೆಯಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಕಾಪಿಹೋಲ್ಡ್ ರೈತನ ವಂಶದವರಲ್ಲಿ ಬಹುಮಂದಿ 1926 ಬರುವ ಹೊತ್ತಿಗೆ ನೆಲ ಬಿಟ್ಟು ಗಿರಣಿಗಳ ಊರು ಸೇರಿ ಎಷ್ಟೋ ತಲೆಮಾರುಗಳಾಗಿದ್ದವು.

ಈ ಪತ್ರಿಕೆಯನ್ನು ಓದುವವರಲ್ಲಿ ಆ ಟ್ರಿಬ್ಯೂನಲ್ಲುಗಳ ಎರಡೂ ಬದಿಯಲ್ಲಿ ನಿಂತ ಮನೆತನದವರು ಇದ್ದೇ ಇರುತ್ತಾರೆ. ಜಮೀನು ಹೋಯಿತೆಂದು ಮಕ್ಕಳನ್ನು ಓದಿಸಿ ಪರದೇಶಕ್ಕೆ ಕಳಿಸಿದವರು ಒಂದು ಕಡೆ, ಜಮೀನು ಬಂತೆಂದು ಮಕ್ಕಳನ್ನು ಓದಿಸಿದವರು ಇನ್ನೊಂದು ಕಡೆ. ಹಳೆಯ ಸನದು, ಇನಾಂ ಪತ್ರ, ಗೇಣಿ ಚೀಟಿಗಳು ಇನ್ನೂ ಕೆಲವರ ಮನೆಯ ಟ್ರಂಕುಗಳಲ್ಲಿವೆ. ಊರಿಗೆ ಹೋದಾಗ ತೆಗೆಸಿ ನೋಡಿ: ನೆಲವನ್ನು ಯಾವ ಹೆಸರಿನಿಂದ ಕರೆದಿದ್ದಾರೆ, ಯಾವ ಊಳಿಗಕ್ಕೆ ಕೊಟ್ಟಿದ್ದಾರೆ, ಉಳುತ್ತಿದ್ದವನ ಹೆಸರು ಅದರಲ್ಲಿ ಎಲ್ಲಿಯಾದರೂ ಇದೆಯೇ. ಮುಂದಿನ ಸಂಚಿಕೆಗಳಿಗೆ ಬರೆದು ಕಳಿಸಿದರೆ, ನಮ್ಮ ಜಿಲ್ಲೆಜಿಲ್ಲೆಗಳ ಇಂಥ ಮಾತುಗಳದ್ದೇ ಒಂದು ಪಟ್ಟಿ ಮಾಡಬಹುದು.